ಉಣ್ಣಿಯ ಕಡಿತವೂ ಮುಗಿಯದ ಆಯಾಸವೂ

ಹೋದ ತಿಂಗಳು ಹಲಸೂರಿನ ಗೃಹಿಣಿಯೊಬ್ಬರು ಈ ಪುಟಕ್ಕೆ ಒಂದು ಕಾಗದವನ್ನು ಬರೆದಿದ್ದರು. ಅದರ ಸಾರಾಂಶವಿಷ್ಟು:

“ನಮ್ಮ ಯಜಮಾನರು ಎಂಟು ತಿಂಗಳ ಹಿಂದೆ ಮಗನನ್ನೂ ಕರೆದುಕೊಂಡು ಸ್ನೇಹಿತರೊಡನೆ ನಾಗರಹೊಳೆಯ ಕಡೆಗೆ ಹೋಗಿ ಬಂದರು. ಬಂದ ಎರಡು ವಾರಕ್ಕೆ ಅವರಿಗೆ ಜ್ವರ ಹತ್ತಿ, ಐದಾರು ದಿನವಿದ್ದು ತಾನಾಗಿಯೇ ಇಳಿಯಿತು. ಅಂದಿನಿಂದ ಕೀಲುಗಳಲ್ಲಿ ನೋವು, ಆಯಾಸ, ನಿದ್ರೆಯಿಲ್ಲ. ಲೆಕ್ಕ ಬರೆಯಲು ಕುಳಿತರೆ ಮನಸ್ಸು ನಿಲ್ಲದು. ಪರಿಚಿತರೊಬ್ಬರು, ಇದು ಉಣ್ಣಿ ಕಡಿದು ಬರುವ ಲೈಮ್ ಎಂಬ ರೋಗವೆಂದೂ, ಹಳೆಯದಾಗಿ ಬೇರುಬಿಟ್ಟಿದೆಯೆಂದೂ, ಒಂದು ವರ್ಷ ಕಾಲ ನರಕ್ಕೆ ಆಂಟಿಬಯಾಟಿಕ್ ಹಾಕಿಸಬೇಕೆಂದೂ ಹೇಳುತ್ತಿದ್ದಾರೆ. ಅಷ್ಟು ಖರ್ಚು ನಮಗೆ ಮೀರಿದ್ದು. ನನ್ನ ಬಳೆಗಳನ್ನು ಒತ್ತೆಯಿಡಬಹುದೆಂದು ಯೋಚಿಸಿದ್ದೇನೆ. ಮಗನಿಗೆ ಒಂಬತ್ತು ವರ್ಷ. ಅವನಿಗೂ ಬರುವುದೇ? ಏನು ಮಾಡಲಿ?”

ಸೋದರಿ, ಬಳೆಗಳನ್ನು ಕಳಚುವುದಕ್ಕೆ ಮುಂಚೆ ಈ ಪುಟವನ್ನು ಸಮಾಧಾನವಾಗಿ ಓದಬೇಕೆಂದು ಬೇಡುತ್ತೇನೆ. ತಮ್ಮ ಪ್ರಶ್ನೆಯು ತಮ್ಮೊಬ್ಬರದಲ್ಲ. ನಗರದ ಜನರು ರಜೆಗೆ ಕಾಡಿನ ಅಂಚಿಗೆ ಹೋಗುವುದೂ, ನಾಯಿಗಳನ್ನು ಮನೆಯೊಳಗೆ ಸಾಕುವುದೂ ಹೆಚ್ಚಾಗಿರುವ ಈ ಕಾಲದಲ್ಲಿ ಇಂತಹ ಸಂದೇಹವು ಅನೇಕ ಮನೆಗಳಲ್ಲಿ ಹುಟ್ಟುತ್ತಿದೆ. ಆದುದರಿಂದ ಎಲ್ಲರಿಗೂ ಉಪಯೋಗವಾಗುವಂತೆ ಉತ್ತರವನ್ನು ಬರೆಯುತ್ತೇನೆ.

ಮೊದಲು ಲೈಮ್ ರೋಗವೆಂದರೇನೆಂಬುದನ್ನು ತಿಳಿಯೋಣ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಲೈಮ್ ಎಂಬ ಹೆಸರಿನ ಊರೊಂದುಂಟು. ಸುಮಾರು ೧೯೭೫ರಲ್ಲಿ ಆ ಊರಿನಲ್ಲಿಯೂ ನೆರೆಹೊರೆಯಲ್ಲಿಯೂ ಅನೇಕ ಮಕ್ಕಳಿಗೆ ಮೊಣಕಾಲು ಊದಿಕೊಳ್ಳುವ ವ್ಯಾಧಿಯು ಬಂದಿತು. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಮಕ್ಕಳಿಗೆ ಏಕಕಾಲದಲ್ಲಿ ಕೀಲುವಾತ ಬರುವುದು ಸಹಜವಲ್ಲವೆಂದು ಹಟಹಿಡಿದು ಅಧಿಕಾರಿಗಳಿಗೆ ತಿಳಿಸಿದವರು ವೈದ್ಯರಲ್ಲ, ಆ ಮಕ್ಕಳ ತಾಯಂದಿರು. ಅನಂತರ ಡಾಕ್ಟರ್ ಆಲನ್ ಸ್ಟೀರ್ ಎಂಬವರು ವಿಚಾರಣೆ ನಡೆಸಿ ೧೯೭೭ರಲ್ಲಿ ಅದನ್ನು ಪ್ರಕಟಿಸಿದರು. ೧೯೮೨ರಲ್ಲಿ ವಿಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿಯು, ಉಣ್ಣಿಯ ಹೊಟ್ಟೆಯಲ್ಲಿ ತಿರುಪಿನಾಕಾರದ ಒಂದು ರೋಗಾಣುವನ್ನು ತಾವು ಕಂಡ ಸಂಗತಿಯನ್ನು ಪ್ರಕಟಿಸಿದರು. ಅವರ ಹೆಸರಿನಿಂದಲೇ ಅದನ್ನು ಬೊರೇಲಿಯಾ ಬರ್ಗ್‌ಡಾರ್ಫರೈ ಎಂದು ಕರೆಯುವರು.

ಈ ರೋಗದ ಮೊದಲ ಗುರುತು ಚರ್ಮದ ಮೇಲೆ. ಕಡಿತವಾದ ೩ರಿಂದ ೩೦ ದಿನಗಳೊಳಗೆ ಆ ಸ್ಥಳದಲ್ಲಿ ಒಂದು ಕೆಂಪು ಮಚ್ಚೆಯೆದ್ದು, ದಿನದಿನಕ್ಕೆ ಅಗಲವಾಗಿ, ಅಂಗೈಯಷ್ಟೋ ಅದಕ್ಕಿಂತ ದೊಡ್ಡದೋ ಆಗುತ್ತದೆ. ಕೆಲವರಲ್ಲಿ ನಡುವೆ ತಿಳಿಯಾಗಿ ಸುತ್ತಲೂ ಬಳೆಯಂತೆ ಕಾಣುವುದುಂಟು. ಸಾಮಾನ್ಯವಾಗಿ ನೋಯುವುದಿಲ್ಲ, ಅಷ್ಟಾಗಿ ತುರಿಸುವುದೂ ಇಲ್ಲ. ರೋಗ ಬಂದವರಲ್ಲಿ ನೂರಕ್ಕೆ ೭೦ರಿಂದ ೮೦ ಮಂದಿಗೆ ಈ ಮಚ್ಚೆ ಬರುವುದು. ಜೊತೆಗೆ ಜ್ವರ, ತಲೆನೋವು, ಮೈಕೈನೋವು. ಆಗ ಗುರುತಿಸದೆ ಬಿಟ್ಟರೆ, ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ ಮುಖದ ಒಂದು ಪಕ್ಕ ಸೊಟ್ಟಗಾಗಬಹುದು, ಎದೆಬಡಿತವು ತಪ್ಪಬಹುದು, ಮೊಣಕಾಲಿನಂತಹ ದೊಡ್ಡ ಕೀಲೊಂದು ನೀರು ತುಂಬಿದಂತೆ ಊದಿಕೊಳ್ಳಬಹುದು. ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಬಾಯಿ ಒಂದು ಕಡೆಗೆ ಎಳೆದಂತೆ ಕಂಡರೆ, ಕಾರಣವು ಯಾವುದೇ ಆಗಿರಲಿ, ಆ ದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಚಿಕಿತ್ಸೆಯೇನೂ ದುಬಾರಿಯಲ್ಲ. ಮಚ್ಚೆಯ ಕಾಲದಲ್ಲಿಯೇ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ೧೦ ದಿನ, ಅಥವಾ ಅಮಾಕ್ಸಿಸಿಲಿನ್ ಎಂಬುದನ್ನು ೧೪ ದಿನ ಕೊಡುವರು. ನರಗಳಿಗೆ ತಾಗಿದ್ದರೆ ಎರಡು ಮೂರು ವಾರ. ಕೀಲು ಊದಿದ್ದರೆ ನಾಲ್ಕು ವಾರ. ಬಹುಮಂದಿ ಇಷ್ಟರಿಂದಲೇ ಗುಣವಾಗುವರು.

ಹಾಗಾದರೆ ಈ ರೋಗವು ನಮ್ಮಲ್ಲಿ ಇರುವುದೇ? ಅಮೆರಿಕದ ಪೂರ್ವಭಾಗದಲ್ಲಿ ಇದನ್ನು ಹರಡುವ ಜಾತಿಯ ಉಣ್ಣಿಯು ನಮ್ಮ ನಾಡಿನಲ್ಲಿಲ್ಲ. ಆದರೂ ಹಿಮಾಲಯದ ತಪ್ಪಲಿನಿಂದಲೂ ಈಶಾನ್ಯ ಸೀಮೆಯಿಂದಲೂ ಲೈಮ್ ರೋಗದ ವರದಿಗಳು ಬಂದಿವೆ. ನಮ್ಮಲ್ಲಿಯೇ, ನಾಗರಹೊಳೆ ಬಂಡೀಪುರಗಳ ಕಾಡುಗಳಿಗೆ ಸಂಬಂಧಪಟ್ಟ ಕೆಲವು ರೋಗಿಗಳ ಕಣ್ಣುಗಳಲ್ಲಿ ಇದರ ಲಕ್ಷಣಗಳನ್ನು ಬೆಂಗಳೂರಿನ ನೇತ್ರವೈದ್ಯರು ಕಂಡು ವರದಿ ಮಾಡಿದ್ದಾರೆ. ಆದುದರಿಂದ ಹಲಸೂರಿನ ಈ ಸೋದರಿಯ ಸಂದೇಹವು ಕೇವಲ ಭ್ರಮೆಯೆಂದು ತಳ್ಳಿಹಾಕತಕ್ಕದ್ದಲ್ಲ. ಆದರೆ ಇದು ನಮ್ಮಲ್ಲಿ ಅಪರೂಪ. ಅದಕ್ಕಿಂತ ನಮಗೆ ಬಹಳ ಸಮೀಪದಲ್ಲಿರುವ, ಇದೇ ಬಗೆಯ ಕಡಿತದಿಂದ ಬರುವ, ಇನ್ನೂ ಬೇಗ ಪ್ರಾಣಕ್ಕೆ ಎರವಾಗುವ ಜ್ವರಗಳು ಬೇರೆ ಇವೆ. ದೂರದ ರೋಗದ ಹೆಸರಿಗೆ ಹೆದರಿ, ಬಾಗಿಲ ಬಳಿಯಿರುವುದನ್ನು ಮರೆಯಬಾರದು.

ಅವುಗಳಲ್ಲಿ ಮುಖ್ಯವಾದುದು ಸ್ಕ್ರಬ್ ಟೈಫಸ್. ಟೈಫಾಯಿಡ್ ಬೇರೆ, ಟೈಫಸ್ ಬೇರೆ. ಹೆಸರಿನ ಹೋಲಿಕೆಯಿಂದ ಮೋಸಹೋಗಬಾರದು. ಟೈಫಾಯಿಡ್ ನೀರು ಆಹಾರಗಳಿಂದ ಬರುವುದು. ಸ್ಕ್ರಬ್ ಟೈಫಸ್ ಬರುವುದು ಒಂದು ಬಗೆಯ ನುಸಿಯ ಮರಿಗಳ ಕಡಿತದಿಂದ. ಆ ಮರಿಯು ಸಾಸಿವೆ ಕಾಳಿಗಿಂತ ಎಷ್ಟೋ ಸಣ್ಣದು. ಕಡಿದದ್ದು ಯಾರಿಗೂ ತಿಳಿಯುವುದಿಲ್ಲ. ಎತ್ತರದ ಹುಲ್ಲು, ಪೊದೆ, ಇಲಿ ಹೆಗ್ಗಣಗಳ ಓಡಾಟ ಇವುಗಳಿರುವ ಕಡೆ ಅದರ ವಾಸ. ಅದಕ್ಕೆ ಕಾಡೇ ಬೇಕೆಂದಿಲ್ಲ. ಕೃಷ್ಣರಾಜಪುರದ ಕಡೆಯ ಕೆರೆಯಂಚುಗಳು, ಕಟ್ಟಡವೇಳದೆ ಗಿಡಗಂಟಿ ಬೆಳೆದ ಖಾಲಿ ನಿವೇಶನಗಳು, ಚೆಂಡು ಹೋಗಿ ಬಿದ್ದರೆ ಹುಡುಗರು ನುಗ್ಗುವ ಪೊದೆಗಳು, ಇಂತಹ ಸ್ಥಳಗಳಲ್ಲೆಲ್ಲ ಎಚ್ಚರವಿರಬೇಕು. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಈ ಜ್ವರವು ಹೆಚ್ಚು.

ನನ್ನ ನೆನಪಿನಲ್ಲಿರುವ ಒಂದು ಸಂಗತಿಯನ್ನು ಹೇಳುತ್ತೇನೆ. ಏಳು ವರ್ಷದ ಒಬ್ಬ ಹುಡುಗನಿಗೆ ಎಂಟು ದಿನದಿಂದ ಬಿಡದ ಜ್ವರ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿದಿದ್ದವು. ಸುತ್ತಮುತ್ತ ಡೆಂಗೀ ಇದ್ದ ಕಾಲ. ಪರೀಕ್ಷೆಯಲ್ಲಿ ಕಾಣದಿದ್ದರೂ ಅದೇ ಇರಬೇಕೆಂದು ಎಲ್ಲರೂ ನಂಬಿದ್ದರು. ಹುಡುಗನು ಮಂಕಾಗುತ್ತ ಬಂದನು, ಉಸಿರು ವೇಗವಾಯಿತು. ಅವನ ಅಜ್ಜಿ ಒದ್ದೆ ಬಟ್ಟೆಯಿಂದ ಮೈಯೊರಸುತ್ತಿದ್ದಾಗ, ಉಡಿದಾರದ ಕೆಳಗೆ ಬೀಡಿಯ ಕಿಡಿ ತಾಗಿ ಸುಟ್ಟಂತಹ ಒಂದು ಕರಿಯ ಹಕ್ಕಳೆಯು ಕಣ್ಣಿಗೆ ಬಿತ್ತು. “ಇದೇನಪ್ಪಾ, ಮಗು ಎಲ್ಲಿ ಸುಟ್ಟುಕೊಂಡಿತು?” ಎಂದು ಆಕೆ ವೈದ್ಯರಿಗೆ ತೋರಿಸಿದರು. ಅಷ್ಟೇ ಸಾಕಾಯಿತು. ಔಷಧವು ಬದಲಾಯಿತು. ಎರಡನೆಯ ದಿನ ಜ್ವರವಿಳಿಯಿತು. ಮೂರನೆಯ ದಿನ ಹುಡುಗನು ಎದ್ದು ಕುಳಿತು ಅನ್ನ ಕೇಳಿದನು. ಅನೇಕ ಪರೀಕ್ಷೆಗಳು ಹೇಳದಿದ್ದುದನ್ನು ಅಜ್ಜಿಯ ಒದ್ದೆ ಬಟ್ಟೆಯು ಹೇಳಿತು.

ಈ ಕರಿಯ ಹಕ್ಕಳೆಯೇ ಸ್ಕ್ರಬ್ ಟೈಫಸ್ಸಿನ ಮುದ್ರೆ. ಅದು ನೋಯುವುದಿಲ್ಲ, ಆದುದರಿಂದ ರೋಗಿಯು ಹೇಳುವುದಿಲ್ಲ. ಮೈ ಮಡಿಕೆಗಳಲ್ಲಿ ಅಡಗಿರುತ್ತದೆ: ಕಂಕುಳು, ತೊಡೆಸಂದು, ಉಡಿದಾರದ ಅಥವಾ ಸೀರೆಯ ನೆರಿಗೆ ಬಿಗಿಯುವ ಸೊಂಟ, ಸ್ತನದ ಕೆಳಭಾಗ, ಕಿವಿಯ ಹಿಂಭಾಗ, ಹೊಕ್ಕುಳು. ಎಲ್ಲರಲ್ಲಿಯೂ ಅದು ಕಾಣುವುದಿಲ್ಲವೆಂಬುದೂ ನಿಜ. ಅದಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಕಡಿತವಾದ ಒಂದರಿಂದ ಮೂರು ವಾರದೊಳಗೆ ಜ್ವರ, ತಲೆನೋವು, ಮೈನೋವು, ಕೆಮ್ಮು ಹುಟ್ಟುವುವು. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಯಕೃತ್ತು, ಮಿದುಳು ಎಲ್ಲಕ್ಕೂ ತಾಗುವುದು. ಪೆನಿಸಿಲಿನ್ ಜಾತಿಯ ಔಷಧಗಳು ಇದಕ್ಕೆ ನಾಟುವುದಿಲ್ಲ. ಬೇಕಾದುದು ಡಾಕ್ಸಿಸೈಕ್ಲಿನ್, ಗರ್ಭಿಣಿಯರಿಗೆ ಅಜಿತ್ರೊಮೈಸಿನ್. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಸೀಮೆಯ ಪೊದೆಗಳಲ್ಲಿ ಸಹಸ್ರಾರು ಸಿಪಾಯಿಗಳು ಈ ಜ್ವರಕ್ಕೆ ತುತ್ತಾದಾಗ ವೈದ್ಯರ ಕೈಯಲ್ಲಿ ಔಷಧವೇ ಇರಲಿಲ್ಲ. ೧೯೪೮ರಲ್ಲಿ ಮಲಯದಲ್ಲಿ ಕ್ಲೋರಾಂಫೆನಿಕಾಲ್ ಇದನ್ನು ಗುಣಪಡಿಸುವುದೆಂದು ಕಂಡುಬಂದಿತು. ಈಗ ಅಲ್ಪಬೆಲೆಯ ಮಾತ್ರೆ ಅಂಗಡಿಯಲ್ಲಿರುವಾಗ, ರೋಗದ ಹೆಸರು ಹೊಳೆಯಲಿಲ್ಲವೆಂಬ ಒಂದೇ ಕಾರಣದಿಂದ ಮಗುವೊಂದು ಹೋಗುವುದಾದರೆ ಅದಕ್ಕಿಂತ ದುಃಖಕರವಾದುದುಂಟೇ?

ಮಕ್ಕಳ ತಂದೆತಾಯಿಗಳಲ್ಲಿ ಒಂದು ಭಯವಿದೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಹಲ್ಲು ಬಣ್ಣಗೆಡುವುದೆಂಬುದು ಅದು. ಅದೇ ಜಾತಿಯ ಹಳೆಯ ಔಷಧದ ವಿಷಯದಲ್ಲಿ ಅದು ಸತ್ಯವಾಗಿದ್ದಿತು. ಆದರೆ ಡಾಕ್ಸಿಸೈಕ್ಲಿನ್ನನ್ನು ಅಲ್ಪಕಾಲ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲವೆಂದು ಪರೀಕ್ಷಿಸಿ ನೋಡಿದ್ದಾರೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಟೈಫಸ್ ಜಾತಿಯ ಜ್ವರಗಳಲ್ಲಿ ಇದನ್ನೇ ಕೊಡುವರು. ವೈದ್ಯರು ಬರೆದುಕೊಟ್ಟಲ್ಲಿ ಹಲ್ಲಿನ ಚಿಂತೆಯಿಂದ ಔಷಧವನ್ನು ತಡೆಯಕೂಡದು. ದೊಡ್ಡವರು ಇದನ್ನು ಊಟವಾದ ಮೇಲೆ ಒಂದು ಲೋಟ ತುಂಬ ನೀರಿನೊಡನೆ ನುಂಗಿ, ಕೂಡಲೇ ಮಲಗದೆ ಕುಳಿತಿರಬೇಕು. ಇಲ್ಲದಿದ್ದರೆ ಮಾತ್ರೆಯು ಗಂಟಲಿನ ಕೆಳಗೆ ನಿಂತು ಹುಣ್ಣಾಗುವುದು.

ಎರಡನೆಯದು ನಾಯಿಯ ಉಣ್ಣಿಯಿಂದ ಬರುವ ಮಚ್ಚೆಜ್ವರ. ಇದೂ ಟೈಫಸ್ ಬಳಗದ್ದೇ. ಜ್ವರ ಬಂದ ಕೆಲವು ದಿನಗಳಿಗೆ ಮೈಮೇಲೆ ಕೆಂಪು ಗುಳ್ಳೆಗಳೆದ್ದು ಅಂಗೈ ಅಂಗಾಲುಗಳಿಗೂ ಹಬ್ಬುವುದು ಇದರ ಲಕ್ಷಣ. ಔಷಧವೂ ಅದೇ. ಮೂರನೆಯದು ಮಲೆನಾಡಿನ ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರಿಗೂ ಜ್ವರ ಬಂದಾಗ ಇದು ಬೆಳಕಿಗೆ ಬಂದಿತು. ಮಲೆನಾಡಿನವರು ಉಣುಗು ಎಂದು ಕರೆಯುವ ಕಾಡಿನ ಉಣ್ಣಿಯೇ ಇದನ್ನು ತರುವುದು. ಇದು ಆಂಟಿಬಯಾಟಿಕ್ಕಿಗೆ ಬಗ್ಗುವುದಲ್ಲ, ಆರೈಕೆಯೇ ಚಿಕಿತ್ಸೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆ ಸೀಮೆಗೆ ಹೋಗಿಬಂದವರಿಗೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು.

ಇಲ್ಲಿಯವರೆಗೆ ಹೇಳಿದುದರ ಸಾರವೇನೆಂದರೆ, ಬಿಡದ ಜ್ವರವಿದ್ದಾಗ ಮನೆಯವರು ವೈದ್ಯರ ಮುಂದೆ ಎರಡು ಮಾತುಗಳನ್ನು ತಪ್ಪದೆ ಇಡಬೇಕು: ಮೈಮೇಲೆ ಏನು ಕಂಡಿತು, ಕಳೆದ ಒಂದು ತಿಂಗಳಲ್ಲಿ ಎಲ್ಲೆಲ್ಲಿ ಓಡಾಡಿದ್ದಾಯಿತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಯಲ್ಲಿ ಉದ್ದ ಸಾಲಿನಲ್ಲಿ ನಿಂತು ಎರಡು ನಿಮಿಷ ಮಾತ್ರ ಸಿಕ್ಕಿದರೂ, ಈ ಎರಡು ಮಾತುಗಳಿಗೆ ಅಷ್ಟು ಸಾಕು. ಐದು ದಿನ ಮೀರಿದ ಜ್ವರಕ್ಕೆ ಮನೆಯಲ್ಲಿಯೇ ಮಾತ್ರೆ ಬದಲಿಸುತ್ತ ಕೂಡದೆ, ರಕ್ತಪರೀಕ್ಷೆ ಮಾಡಿಸಬೇಕು. ಏದುಸಿರು, ಮಂಕು, ಮೂತ್ರ ಕಡಿಮೆಯಾಗುವುದು, ರಕ್ತ ಕಾಣಿಸುವುದು ಇವುಗಳಲ್ಲಿ ಒಂದಾದರೂ ಇದ್ದರೆ ದಿನವನ್ನೇ ಎಣಿಸಬಾರದು.

ಈಗ ಕಾಗದದ ಮುಖ್ಯ ಪ್ರಶ್ನೆಗೆ ಬರೋಣ: ಜ್ವರ ಹೋಗಿ ತಿಂಗಳುಗಳಾದರೂ ಆಯಾಸ ಹೋಗದಿರುವುದೇಕೆ?

ಲೈಮ್ ರೋಗಕ್ಕೆ ಸರಿಯಾದ ಚಿಕಿತ್ಸೆ ಪಡೆದವರಲ್ಲಿಯೂ ನೂರಕ್ಕೆ ೫ರಿಂದ ೧೦ ಮಂದಿಗೆ ಆಯಾಸ, ನೋವು, ಮರೆವು ಆರು ತಿಂಗಳಿಗೂ ಮೀರಿ ಉಳಿಯುವುದುಂಟು. ಇದು ನಿಜವಾದ ಸಂಕಟ; ರೋಗಿಯು ನಟಿಸುತ್ತಿದ್ದಾನೆಂದೂ ಸೋಮಾರಿಯೆಂದೂ ಹೇಳುವುದು ಅನ್ಯಾಯ. ಆದರೆ ಇದಕ್ಕೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೆ ಗುಣವಾಗುವುದೇ ಎಂಬುದನ್ನು ವಿದ್ವಾಂಸರು ನೇರವಾಗಿ ಪರೀಕ್ಷಿಸಿದ್ದಾರೆ. ೨೦೦೧ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕೆಲವರಿಗೆ ೩೦ ದಿನ ನರಕ್ಕೆ, ೬೦ ದಿನ ಬಾಯಿಗೆ ಔಷಧ ಕೊಟ್ಟು, ಮಿಕ್ಕವರಿಗೆ ನೋಡಲು ಅದೇ ರೀತಿಯ ಬರಿಯ ಸಪ್ಪೆ ವಸ್ತುವನ್ನು ಕೊಟ್ಟರು. ಎರಡು ಗುಂಪಿಗೂ ಆದ ಗುಣ ಒಂದೇ. ೨೦೧೬ರಲ್ಲಿ ಪ್ರಕಟವಾದ ಹಾಲೆಂಡಿನ ಪ್ರಯೋಗದಲ್ಲಿ ೧೨ ವಾರ ಹೆಚ್ಚಾಗಿ ಕೊಟ್ಟುದರಿಂದಲೂ ವಿಶೇಷ ಲಾಭ ಕಾಣಲಿಲ್ಲ. ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವಾದರೂ ಇಲ್ಲವೇ ಎಂದರೆ, ಅದೂ ಹಾಗಲ್ಲ. ನರಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತಕ್ಕೆ ಬೇರೆ ರೋಗಾಣುಗಳು ಸೇರಿ ಕೆಲವರಿಗೆ ಪ್ರಾಣಾಪಾಯವೊದಗಿದ ವಿಷಯವನ್ನು ಅಮೆರಿಕದ ಆರೋಗ್ಯ ಇಲಾಖೆಯವರು ೨೦೧೭ರಲ್ಲಿ ಪ್ರಕಟಿಸಿದರು.

ಅಲ್ಲದೆ ತಮ್ಮ ಯಜಮಾನರಿಗೆ ಲೈಮ್ ರೋಗವೇ ಬಂದಿತ್ತೆಂದು ಇನ್ನೂ ಯಾರೂ ಸ್ಥಾಪಿಸಿಲ್ಲ. ನಮ್ಮ ನಾಡಿನಲ್ಲಿ ಜ್ವರದ ತರುವಾಯ ತಿಂಗಳುಗಟ್ಟಲೆ ಕೀಲುನೋವು ಉಳಿಸುವುದರಲ್ಲಿ ಚಿಕುನ್‌ಗುನ್ಯಾ ಬಲು ಪ್ರಸಿದ್ಧ. ೨೦೦೬ರಲ್ಲಿ ಅದು ಕರ್ನಾಟಕದ ಊರೂರನ್ನೂ ನೆಲಹಿಡಿಸಿದ್ದನ್ನು ಅನೇಕರು ಮರೆತಿರಲಾರರು. ಕಾಯಿಸದ ಹಾಲಿನಿಂದಲೂ ದನಕುರಿಗಳ ಸಹವಾಸದಿಂದಲೂ ಬರುವ ಬ್ರೂಸೆಲ್ಲಾ ಜ್ವರವು ನೀಳವಾಗಿ ಎಳೆಯುವುದು. ಕ್ಷಯ, ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ದೋಷ, ಸಿಹಿಮೂತ್ರ, ಬಿ-೧೨ ಜೀವಸತ್ವದ ಕೊರತೆ, ಕೀಲುವಾತ, ಮನಸ್ಸಿನ ಖಿನ್ನತೆ ಇವೆಲ್ಲವೂ ಆಯಾಸದ ವೇಷದಲ್ಲಿಯೇ ಬರುವುವು. ಇವುಗಳಲ್ಲಿ ಬಹುಪಾಲಿಗೆ ತಕ್ಕ ಔಷಧವುಂಟು. ಒಂದು ಹೆಸರಿಗೆ ಗಂಟುಬಿದ್ದು ಒಂದು ವರ್ಷ ಕಳೆದರೆ, ನಿಜವಾದ ಕಾರಣಕ್ಕೆ ಒಂದು ವರ್ಷ ಕಳೆದುಕೊಂಡಂತಾಯಿತು.

ಆದುದರಿಂದ ಸೋದರಿ, ಹೀಗೆ ಮಾಡಿರಿ. ದೊಡ್ಡ ಆಸ್ಪತ್ರೆಯ ಸಾಮಾನ್ಯ ವೈದ್ಯರೊಬ್ಬರ ಬಳಿಗೆ ಯಜಮಾನರನ್ನು ಕರೆದುಕೊಂಡು ಹೋಗಿ, ಪ್ರವಾಸದ ದಿನಾಂಕ, ಜ್ವರದ ದಿನಾಂಕ, ಮೈಮೇಲೆ ಕಂಡ ಗುರುತು ಇವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿರಿ. ಮೊದಲು ಮೇಲಿನ ಕಾರಣಗಳನ್ನು ನೋಡಲಿ. ಲೈಮ್ ಸಂದೇಹ ಉಳಿದರೆ ರಕ್ತವನ್ನು ಎರಡು ಹಂತದಲ್ಲಿ ಪರೀಕ್ಷಿಸುವ ಕ್ರಮವಿದೆ. ಮೊದಲ ಹಂತದಲ್ಲಿ ಇದೆಯೆಂದು ಬಂದ ಮಾತ್ರಕ್ಕೆ ನಂಬತಕ್ಕದ್ದಲ್ಲ, ಯಾಕೆಂದರೆ ಬೇರೆ ರೋಗಗಳಲ್ಲಿಯೂ ಅದು ಹಾಗೆ ತೋರುವುದುಂಟು, ಹಳೆಯ ಸೋಂಕು ವಾಸಿಯಾದ ಮೇಲೂ ವರ್ಷಗಳವರೆಗೆ ತೋರುವುದುಂಟು. ಎರಡು ಹಂತದಲ್ಲಿಯೂ ಸಿದ್ಧಪಟ್ಟು, ಲಕ್ಷಣಗಳೂ ಹೊಂದಿ, ಈವರೆಗೆ ಚಿಕಿತ್ಸೆಯಾಗಿಲ್ಲವೆಂದಾದರೆ, ಎರಡರಿಂದ ನಾಲ್ಕು ವಾರದ ಔಷಧ, ವರ್ಷದ್ದಲ್ಲ. ಅನಂತರವೂ ಉಳಿಯುವ ಆಯಾಸಕ್ಕೆ ಹೊತ್ತಿಗೆ ಸರಿಯಾಗಿ ನಿದ್ರೆ, ನೋವಿಗೆ ತಕ್ಕ ಉಪಚಾರ, ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸುವ ನಡಿಗೆ, ಮನೆಯವರ ತಾಳ್ಮೆ ಇವೇ ಆಧಾರ. ಬಹುಮಂದಿ ನಿಧಾನವಾಗಿ ಸುಧಾರಿಸುವರು.

ಮಗನ ವಿಷಯದಲ್ಲಿ ಭಯ ಬೇಡ. ಈ ರೋಗವು ತಂದೆಯಿಂದ ಮಗನಿಗೆ ಅಂಟುವುದಲ್ಲ. ಎಂಟು ತಿಂಗಳಿನಿಂದ ಆಟಪಾಠಗಳಲ್ಲಿ ಚೆನ್ನಾಗಿರುವ ಹುಡುಗನಿಗೆ ಪರೀಕ್ಷೆಯೂ ಬೇಡ, ಔಷಧವೂ ಬೇಡ. ಮೊಣಕಾಲು ಊದಿದರೆ, ಮುಖ ಸೊಟ್ಟಗಾದರೆ, ದೃಷ್ಟಿ ಮಂಜಾದರೆ ತೋರಿಸಿರಿ. ಆಗ ಪ್ರವಾಸದ ಸಂಗತಿಯನ್ನೂ ಹೇಳಿರಿ.

ಕೊನೆಗೆ ಎಲ್ಲರಿಗೂ ನಾಲ್ಕು ಮಾತು. ಕಾಡಿಗೋ ತೋಟಕ್ಕೋ ಹೋಗುವಾಗ ತೋಳು ಕಾಲುಗಳನ್ನು ಮುಚ್ಚುವ ಬಟ್ಟೆ ತೊಟ್ಟು, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಿರಿ. ಹುಲ್ಲಿನ ಮೇಲೆ ಬರಿಯ ಮೈಯಲ್ಲಿ ಮಲಗಬೇಡಿರಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ಮಕ್ಕಳ ಮೈಯನ್ನು ತಲೆಗೂದಲಿನಿಂದ ಕಾಲ್ಬೆರಳ ಸಂದಿನವರೆಗೆ ನೋಡಿರಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಉಣ್ಣಿ ಕಚ್ಚಿಕೊಂಡಿದ್ದರೆ ಸೀಮೆಯೆಣ್ಣೆ ಸುರಿಯುವುದೂ, ಊದುಬತ್ತಿಯಿಂದ ಸುಡುವುದೂ, ಉಗುರಿನಿಂದ ಹಿಸುಕುವುದೂ ಕೂಡದು. ಸಣ್ಣ ಚಿಮುಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು, ತಿರುಚದೆ, ನೇರವಾಗಿ ಮೆಲ್ಲನೆ ಎಳೆದು ತೆಗೆದು, ಜಾಗವನ್ನು ಸೋಪಿನಿಂದ ತೊಳೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತುಮಾಡಿರಿ. ಬೇಗ ತೆಗೆದಷ್ಟೂ ಅಪಾಯ ಕಡಿಮೆ; ಲೈಮಿನ ಉಣ್ಣಿಯಾದರೂ ರೋಗವನ್ನು ಮುಟ್ಟಿಸಲು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಕಾಲ ಕಚ್ಚಿಕೊಂಡಿರಬೇಕು. ಸಾಕಿದ ನಾಯಿಯ ಕಿವಿಯೊಳಗೂ ಬೆರಳ ಸಂದುಗಳಲ್ಲೂ ವಾರಕ್ಕೊಮ್ಮೆ ಹುಡುಕಿ, ಪಶುವೈದ್ಯರು ಹೇಳಿದ ಔಷಧವನ್ನು ಹಾಕಿರಿ.

ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಯು ಎಷ್ಟು ದೊಡ್ಡ ಕೇಡನ್ನು ತರಬಲ್ಲುದೆಂಬುದು ದಂಡಿನ ಜನರಿಗೆ ಹೊಸ ಪಾಠವಲ್ಲ. ೧೮೯೮ರಲ್ಲಿ ಪ್ಲೇಗು ಬಂದು ಇಲ್ಲಿಯ ಇಕ್ಕಟ್ಟಿನ ಬೀದಿಗಳು ಬರಿದಾದುವು. ಆ ಮಾರಿಯ ತರುವಾಯವೇ ಗಾಳಿಬೆಳಕಿನ ಫ್ರೇಜರ್ ಟೌನ್ ಹುಟ್ಟಿತು. ಅದನ್ನು ತಂದುದೂ ಇಲಿಯ ಮೈಮೇಲಿನ ಒಂದು ಚಿಗಟವೇ. ಅಂದಿನ ತಾಯಂದಿರ ಕೈಯಲ್ಲಿ ಔಷಧವಿರಲಿಲ್ಲ. ಇಂದು ಔಷಧವಿದೆ, ಬೇಕಾದುದು ಹೊತ್ತಿಗೆ ಸರಿಯಾಗಿ ನೋಡುವ ಕಣ್ಣು, ಹೊತ್ತು ಮೀರಿದ ಮೇಲೆ ಮೋಸಹೋಗದ ಬುದ್ಧಿ.

ಬಳೆಗಳು ಕೈಯಲ್ಲಿಯೇ ಇರಲಿ, ಸೋದರಿ. ಆ ಕೈಯಿಂದ ಮೇಲೆ ಹೇಳಿದ ಚೀಟಿಯನ್ನು ಬರೆಯಿರಿ.